ಕೈಗೆ ಸಿಗದ ನೆಗ್ಗು

ಗಾಡಿ ಓಡಿಸುವಾಗ ಬಿದ್ದಿದ್ದರೆ ಕಾಳಪ್ಪನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ನಾಯಿ ಅಡ್ಡ ಬಂತು, ಮರಳು ಜಾರಿತು, ಕಬ್ಬಿನ ಟ್ರಾಕ್ಟರಿನವನು ಮೈಮೇಲೇ ಬಂದ, ಏನಾದರೊಂದು ಹೇಳಿಕೊಳ್ಳಬಹುದಿತ್ತು. ಇದು ನಿಂತ ಗಾಡಿ. ಬೆಳಗೊಳದ ನಾಲೆ ಏರಿಯ ಮೇಲೆ ಸೈಡ್ ಸ್ಟಾಂಡ್ ಹಾಕಿ, ಹತ್ತು ಹೆಜ್ಜೆ ಆಚೆ ಹೋಗಿ, ಫೋನಿನಲ್ಲಿ ಯಾರದೋ ಮೂಗುಬೊಟ್ಟಿನ ಹರಳಿನ ಬಗ್ಗೆ ಕೈಯಾಡಿಸಿಕೊಂಡು ಮಾತಾಡುತ್ತಿದ್ದ ಆಸಾಮಿ. ಹಿಂದಿನ ದಿನದ ಮಳೆಗೆ ನೆನೆದ ಮಣ್ಣಿನೊಳಗೆ ಸ್ಟಾಂಡು ಮೆಲ್ಲಗೆ ಇಳಿಯಿತು. ಗಾಡಿ ಎಡಕ್ಕೆ ವಾಲಿ, ಅಲ್ಲಿದ್ದ ಗಡಿಕಲ್ಲಿನ ಮೇಲೆ ದಡ್ಡನೆ ಮಲಗಿಬಿಟ್ಟಿತು.

ಓಡಿ ಬಂದು ಎತ್ತಿ ನೋಡಿದ. ಕ್ಲಚ್ಚಿನ ಹಿಡಿ ಬಾಗಿತ್ತು, ಇಂಡಿಕೇಟರು ಪುಡಿಯಾಗಿತ್ತು, ಪೆಟ್ರೋಲ್ ಟ್ಯಾಂಕಿನ ಎಡಗೆನ್ನೆಯಲ್ಲಿ ಅಂಗೈ ಅಗಲ ನೆಗ್ಗು ಬಿದ್ದಿತ್ತು. "ಅಯ್ಯೋ ನನ್ ಗ್ರಾಚಾರವೇ" ಎಂದು ಹಣೆ ಚಚ್ಚಿಕೊಂಡ. ಆಮೇಲೆ ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿದ. ನಾಲೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಹೆಂಗಸೊಬ್ಬಳು ನೋಡಿ ನಗುತ್ತಿದ್ದಳು.

ಅವನದೇ ಗಾಡಿಯಾಗಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದು ಗಂಜಾಮಿನ ಜಹೀರುದ್ದೀನನ ಗಾಡಿ. ಜಹೀರುದ್ದೀನನಿಗೆ ಮೂರು ವರ್ಷದಿಂದ ಕಣ್ಣು ಕಾಣುವುದಿಲ್ಲ.

ಕಾಳಪ್ಪ ಶ್ರೀರಂಗಪಟ್ಟಣದ ಪೇಟೆಯಲ್ಲಿ ಅಕ್ಕಸಾಲಿ. ಐವತ್ಮೂರು ವರ್ಷ, ಸಣಕಲು ಮೈ, ಒಂದು ಗಳಿಗೆ ಸುಮ್ಮನೆ ಕೂರದ ಕೈ. ಚಿನ್ನ ಇಲ್ಲದಿದ್ದರೆ ಟೀ ಅಂಗಡಿಯ ಚಮಚವನ್ನಾದರೂ ತಿರುಚುತ್ತಾ ಕೂತಿರುತ್ತಾನೆ. ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ ಅಂತ ಗಾದೆ ಮಾಡಿದವರು ಇವನನ್ನು ನೋಡಿರಲಿಲ್ಲ. ಕೊಟ್ಟ ಚಿನ್ನದಲ್ಲಿ ಗುಲಗಂಜಿ ತೂಕ ಆಚೀಚೆ ಮಾಡಿದವನಲ್ಲ. ಅರ ಉಜ್ಜಿದ ಪುಡಿಯನ್ನೂ ಪೊಟ್ಟಣ ಕಟ್ಟಿ ಕೊಡುವ ಮಹಾರಾಯ. ಚಿನ್ನಕ್ಕೆ ತಾಮ್ರ ಬೆರೆಸದವನು ಮಾತಿಗೆ ಮಾತ್ರ ಧಾರಾಳವಾಗಿ ಬೆರೆಸುತ್ತಿದ್ದ. ಎದುರಿಗಿರುವವರ ಮುಖ ಬಾಡುವುದನ್ನು ಕಂಡರೆ ಅವನಿಗಾಗದು. ಬಾಡುವ ಮೊದಲೇ ಒಂದು ಸುಳ್ಳನ್ನು ಮೆರುಗು ಕೊಟ್ಟು ಕೈಗಿಟ್ಟುಬಿಡುತ್ತಿದ್ದ.

ಜಹೀರುದ್ದೀನ ಮೂವತ್ತು ವರ್ಷ ಲಾರಿ ಓಡಿಸಿದವನು. ಕಬ್ಬಿನ ಕಾಲದಲ್ಲಿ ಮಾಕವಳ್ಳಿ ಫ್ಯಾಕ್ಟರಿಗೆ ಲೋಡು, ಮಿಕ್ಕ ಕಾಲದಲ್ಲಿ ಸಿಕ್ಕ ಲೋಡು. ಸಕ್ಕರೆ ಕಾಯಿಲೆ ಮೊದಲು ಒಂದು ಕಣ್ಣು ತಿಂದಿತು, ವರ್ಷದೊಳಗೆ ಇನ್ನೊಂದನ್ನೂ. ಲಾರಿ ಮಾರಿದ, ಹಳೆಯ ಕೆಂಪು ಯಮಹಾ ಬೈಕನ್ನು ಮಾತ್ರ ಮಾರಲಿಲ್ಲ. "ಅದ್ರ ಇಂಜಿನ್ ತಣ್ಣಗಾದ್ರೆ ನಾನೂ ತಣ್ಣಗಾದೆ ಅಂತ ತಿಳ್ಕೊ" ಎಂದು ಕೀಲಿಯನ್ನು ಕಾಳಪ್ಪನ ಕೈಗೆ ಕೊಟ್ಟಿದ್ದ. ಪ್ರತಿ ಮಂಗಳವಾರ, ಅಂಗಡಿಗೆ ರಜವಿದ್ದ ದಿನ, ಕಾಳಪ್ಪ ಆ ಗಾಡಿಯನ್ನು ಊರೂರು ಸುತ್ತಿಸಿಕೊಂಡು ಬರಬೇಕು. ಬಂದ ಮೇಲೆ ಜಗುಲಿಯಲ್ಲಿ ಕೂತು, ಜಹೀರುದ್ದೀನನ ಹೆಂಡತಿ ಅಸ್ಗರಿ ಬೇಗಂ ಕೊಡುವ ಚಾ ಕುಡಿಯುತ್ತಾ, ಕಂಡದ್ದನ್ನೆಲ್ಲ ಹೇಳಬೇಕು. ಹಿಂದೆ ಕೂತು ಬಾ ಜಹೀರಣ್ಣ ಎಂದರೆ ಅವನು ಬರುತ್ತಿರಲಿಲ್ಲ. "ಸ್ಟೇರಿಂಗ್ ಇಡ್ದ ಕೈ ಕಣ್ಲಾ ಇದು. ಇನ್ನೊಬ್ನ ಬೆನ್ ಇಂದೆ ಕೂತ್ಕಂಡು ಓಯ್ತದಾ? ನೀನು ಓಗ್ಬುಟ್ಟು ಬಾ, ಬಂದು ಯೋಳು."

ಹಾಗಾಗಿ ಕಾಳಪ್ಪ ಹೇಳುತ್ತಿದ್ದ. ನಾಲೆಗೆ ನೀರು ಬಿಟ್ಟರಾ, ಕಬ್ಬು ಎಷ್ಟೆತ್ತರ, ಯಾವ ತಿರುವಿನಲ್ಲಿ ರಸ್ತೆ ಕಿತ್ತಿದೆ. ಜಹೀರುದ್ದೀನ ಕೊನೆಗೆ ಕೇಳುವುದು ಮಾತ್ರ ಒಂದೇ: "ಕಿರಂಗೂರಿನ್ ಉಣಸೇಮರ ಎಂಗದ್ಲಾ?" ಲೋಡು ಹೊತ್ತು ಬಂದಾಗಲೆಲ್ಲ ಅವನು ಲಾರಿ ನಿಲ್ಲಿಸಿ, ಟವೆಲ್ಲು ಹಾಸಿ ಮಲಗುತ್ತಿದ್ದ ಮರ ಅದು. ರಸ್ತೆ ಅಗಲ ಮಾಡುವವರು ಅದನ್ನು ಕಡಿದು ಎರಡು ವರ್ಷವಾಯಿತು. ಕಡಿದ ದಿನ ಕೊಂಬೆಗಳು ರಸ್ತೆಗೆ ಅಡ್ಡ ಬಿದ್ದಿದ್ದನ್ನು ಕಾಳಪ್ಪ ಕಣ್ಣಾರೆ ಕಂಡಿದ್ದ. ಆ ಸಂಜೆ ಜಗುಲಿಯಲ್ಲಿ ಕೂತು, "ಮರಕ್ಕೇನಣ್ಣ, ಗುಂಡ್ಕಲ್ಲಿದ್ದಂಗದೆ" ಎಂದಿದ್ದ. ಹೋದ ತಿಂಗಳು, "ಈ ವರ್ಷ ಊವ ಒಸಿ ಜಾಸ್ತಿ" ಅಂತಲೂ ಸೇರಿಸಿದ್ದ. ಜಹೀರುದ್ದೀನನ ಮುಖ ಅರಳಿತ್ತು. ಅಷ್ಟು ಸಾಕಾಗಿತ್ತು ಕಾಳಪ್ಪನಿಗೆ.

ಈಗ ಆ ಮನುಷ್ಯನ ಮುಂದೆ ನೆಗ್ಗಿದ ಗಾಡಿ ನಿಲ್ಲಿಸಿ, ನಿಂತಿದ್ದೇ ಬಿತ್ತು ಎಂದು ಹೇಗೆ ಹೇಳುವುದು? ಇನ್ನು ಮುಂದೆ ಕೀಲಿ ಕೊಡದಿದ್ದರೆ? ಆ ಜಗುಲಿ, ಆ ಚಾ, ಆ ಮಾತು ಇಲ್ಲದೆ ಮಂಗಳವಾರ ಕಳೆಯುವುದಾದರೂ ಹೇಗೆ? ಗಾಡಿಯನ್ನು ಗಂಜಾಮಿಗೆ ಒಯ್ಯದೆ ತನ್ನ ಮನೆಯ ಹಿತ್ತಿಲಿಗೆ ನೂಕಿ, ಮೇಲೆ ತಾಡಪಾಲು ಹೊದಿಸಿ, ಫೋನ್ ಮಾಡಿದ.

"ಜಹೀರಣ್ಣ, ಕಾರ್ಬರೇಟ್ರು ಸದ್ದು ಒಸಿ ಬ್ಯಾರೆ ಥರ ಅದೆ. ಬಿಚ್ಚಾಕಿಸಿವ್ನಿ. ಶುಕ್ರವಾರ ಬೆಳಿಗ್ಗೆ ತತ್ತೀನಿ."

"ಎಂಗ್ ಸದ್ದು? ಮಾಡ್ ತೋರ್ಸು."

ಮಾಡಿ ತೋರಿಸದೆ ವಿಧಿಯಿಲ್ಲ. ಐವತ್ಮೂರರ ಅಕ್ಕಸಾಲಿ ಹಿತ್ತಿಲಲ್ಲಿ ನಿಂತು ಫೋನಿಗೆ, "ಬುಸ್... ಫಟ್, ಫಟ್... ಬುಸ್" ಎಂದ. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ನಿಂಗಮ್ಮ ಸೀರೆಯನ್ನು ಕೈಯಲ್ಲೇ ಹಿಡಿದು ಇವನಿಗೇನು ಬಂತಪ್ಪ ಎಂದು ನೋಡಿದಳು.

"ಅದು ಕಾರ್ಬರೇಟ್ರಲ್ಲ ಕಣ್ಲಾ, ಪ್ಲಗ್ಗು" ಎಂದ ಜಹೀರುದ್ದೀನ. "ಶುಕ್ರವಾರ ತಪ್ಪಿಸ್ಬ್ಯಾಡ."

ತಪ್ಪಿಸುವಂತಿರಲಿಲ್ಲ. ಶುಕ್ರವಾರ ಬೆಳಿಗ್ಗೆ, ಜುಮ್ಮಾ ನಮಾಜಿಗೆ ಸ್ನಾನ ಮಾಡುವ ಮೊದಲು, ಜಹೀರುದ್ದೀನ ಹಳೆಯ ಲುಂಗಿ ತುಂಡಿನಿಂದ ಆ ಗಾಡಿಯನ್ನು ಮುಂದಿನ ದೀಪದಿಂದ ಹಿಂದಿನ ಮಡ್‌ಗಾರ್ಡಿನ ತನಕ ಒರೆಸುತ್ತಿದ್ದ. ಕಣ್ಣಿದ್ದಾಗ ಅಷ್ಟು ನೇಮವಿರಲಿಲ್ಲ. ಕಣ್ಣು ಹೋದ ಮೇಲೆ ಒಂದು ವಾರವೂ ಬಿಟ್ಟವನಲ್ಲ.

"ಬಿದ್ಬುಡ್ತು ಅಂದ್ರೆ ನಿನ್ ನಾಲ್ಗೆ ಸವ್ದೋಯ್ತದಾ?" ಎಂದಳು ನಿಂಗಮ್ಮ, ತಾಡಪಾಲು ಎತ್ತಿ ನೋಡಿ. "ಅವಯ್ಯ ನಿನ್ನೇನು ನೇಣಾಕ್ತಾನಾ?"

"ನಿಂಗ್ ಗೊತ್ತಾಗಕಿಲ್ಲ ಸುಮ್ಕಿರು."

"ಊ ಕಣಪ್ಪ, ನಂಗೇನ್ ಗೊತ್ತಾದದು. ಫೋನ್ನಾಗೆ ಬುಸ್ ಅನ್ನೋರ್ಗೇ ಎಲ್ಲಾ ಗೊತ್ತಾಗದು."

ಬುಧವಾರ ಬೆಳಿಗ್ಗೆಯೇ ಟ್ಯಾಂಕು ಬಿಚ್ಚಿ, ಗೋಣಿಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದ. ಪಟ್ಟಣದಲ್ಲಿ ಯಾವ ಮೆಕಾನಿಕ್ಕನ ಹತ್ತಿರ ಹೋದರೂ ಮಧ್ಯಾಹ್ನದೊಳಗೆ ಸುದ್ದಿ ಗಂಜಾಮಿಗೆ ಮುಟ್ಟುತ್ತದೆ. ದೂರದ ಊರಾದರೆ ವಾಸಿ ಎಂದು ಅವನ ಲೆಕ್ಕ. ಬಸ್ಸು ಕಿರಂಗೂರು ದಾಟುವಾಗ ಬಗ್ಗಿ ಕೂತು ಚೀಲದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. ಎರಡು ವರ್ಷದಿಂದ ಅವನು ಆ ಜಾಗ ಬಂದಾಗಲೆಲ್ಲ ಹೀಗೇ, ಏನಾದರೊಂದು ಕೆಲಸ ಹುಡುಕಿಕೊಂಡು ತಲೆ ತಗ್ಗಿಸಿಬಿಡುತ್ತಿದ್ದ.

ಪಾಂಡವಪುರದಲ್ಲಿ ಕ್ಲಚ್ಚಿನ ಹಿಡಿ, ಇಂಡಿಕೇಟರು ಸಿಕ್ಕವು. ನೆಗ್ಗು ತೆಗೆಯುವ ಟಿಂಕರಿ ಕೆಲಸದವನ ಮುಂದೆ ಚೀಲ ಬಿಚ್ಚಿದ್ದೇ ತಡ, ಅವನು ಟ್ಯಾಂಕಿನ ನೆತ್ತಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿದ್ದ ಚಂದ್ರ ನಕ್ಷತ್ರ ನೋಡಿ, "ಇದು ಜಹೀರಣ್ಣನ್ ಗಾಡೀದಲ್ವಾ? ಎಂಗವ್ರೆ? ತಡಿ, ಒಂದ್ ಫೋನ್ ಆಕ್ತೀನಿ" ಎಂದ. ಕಾಳಪ್ಪ ಚೀಲ ಕಟ್ಟಿಕೊಂಡು ಬಸ್‌ಸ್ಟಾಂಡಿನ ತನಕ ಹಿಂತಿರುಗಿ ನೋಡಲಿಲ್ಲ. ಕೆ.ಆರ್. ಪೇಟೆಗೆ ಹೋದ. ಅಲ್ಲಿಯ ಟಿಂಕರಿಯವನು ಹಿಂದೆ ಜಹೀರುದ್ದೀನನ ಲಾರಿಯಲ್ಲೇ ಕ್ಲೀನರಾಗಿದ್ದವನು! ಮಾಕವಳ್ಳಿಯ ಸಾಲಿನಲ್ಲಿ ಲಾರಿ ನಿಂತಿದ್ದಾಗ ಜಹೀರಣ್ಣ ಬಿರಿಯಾನಿ ಮಾಡಿ ಬಡಿಸಿದ ಕತೆಯನ್ನು ಅವನು ಶುರುಮಾಡಿದಾಗ ಕಾಳಪ್ಪ ಮೂತ್ರಕ್ಕೆ ಹೋಗಿ ಬರ್ತೀನಿ ಎಂದು ಎದ್ದವನು ಚೀಲ ಹೊತ್ತು ಹಾಗೇ ಪರಾರಿ. ಒಬ್ಬ ಮನುಷ್ಯ ಇಷ್ಟು ಊರಿನಲ್ಲಿ ಒಳ್ಳೆಯವನಾಗಿದ್ದರೆ ಅವನ ಸ್ನೇಹಿತ ಒಂದು ತಪ್ಪು ಮುಚ್ಚಿಕೊಳ್ಳುವುದಾದರೂ ಎಲ್ಲಿ?

ನಾಗಮಂಗಲ ತಲುಪಿದಾಗ ಹೊತ್ತು ವಾಲಿತ್ತು. ಅಲ್ಲಿ ನಿಂಗಮ್ಮನ ಅಣ್ಣನ ಮಗ ಹೇಮಂತ್ ಕುಲುಮೆ ಇಟ್ಟಿದ್ದಾನೆ. ಅವನು ನೆಗ್ಗಿನ ಮೇಲೆ ಬೆರಳಾಡಿಸಿ ನಕ್ಕ.

"ಇದ್ನ ಒತ್ಕಂಡು ನಾಕೂರು ಸುತ್ತಿದ್ಯಾ ಮಾವ? ನಿನ್ ಕೈಗಿಂತ ಕೈ ಬೇಕಾ? ಬಣ್ಣ ಕೆರ್ದು, ನೆಗ್ಗಿನ ನಡುಮಧ್ಯಕ್ಕೆ ಇತ್ತಾಳೆ ಕಡ್ಡಿ ಬೆಸ್ದು, ಮೆಲ್ಲಗೆ ಎಳಿ. ಈಚಿಗ್ ಬತ್ತದೆ. ಒಂದ್ ಮಾತು: ಪೆಟ್ರೋಲ್ ವಾಸ್ನೆ ಓಗೋಗಂಟ ತೊಳಿ, ಬೆಂಕಿ ಮಾತ್ರ ತೋರಿಸ್ಬ್ಯಾಡ. ಮನೆ ಎದ್ದೋಯ್ತದೆ."

ಒಂದು ಡಬ್ಬಿ ಕೆಂಪು ಬಣ್ಣವನ್ನೂ ಅವನೇ ಕೊಡಿಸಿ ಕಳಿಸಿದ.

ಗುರುವಾರ ಕಾಳಪ್ಪ ಅಂಗಡಿ ತೆರೆಯಲಿಲ್ಲ. ಟ್ಯಾಂಕನ್ನು ಮೂರು ಸಲ ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಮೂಗು ಇಟ್ಟು ನೋಡಿ, ಮತ್ತೊಮ್ಮೆ ತೊಳೆದ. ಕಾಯಿಸಿದ ಕಬ್ಬಿಣದಿಂದ ಕಡ್ಡಿ ಬೆಸೆದು, ಉಸಿರು ಬಿಗಿಹಿಡಿದು ಎಳೆದ. ಕೂದಲೆಳೆಯಷ್ಟೇ ಬಂತು. ಸುತ್ತ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಮತ್ತೆ ಎಳೆದ. ಒಂದು ಎಳೆತಕ್ಕೂ ಇನ್ನೊಂದಕ್ಕೂ ನಡುವೆ ಎದ್ದು ಹೋಗಿ ಬೀದಿ ಬಾಗಿಲಲ್ಲಿ ಇಣುಕಿ ಬರುತ್ತಿದ್ದ, ಗಂಜಾಮಿನಿಂದ ಯಾರಾದರೂ ಬಂದರೇನೋ ಎಂದು. ಫೋನು ಬಡಿದುಕೊಂಡರೆ ಎದೆಯೂ ಬಡಿದುಕೊಳ್ಳುತ್ತಿತ್ತು. ಊಟಕ್ಕೆ ಕರೆದರೆ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. "ಕದ್ ಮಾಲ್ ಮನೇಲಿಟ್ಕಂಡೋನೂ ಇಂಗಾಡಕಿಲ್ಲ" ಎಂದು ನಿಂಗಮ್ಮ ತಟ್ಟೆ ಎತ್ತಿದಳು.

ಬಣ್ಣದ ಚಿಂತೆಯನ್ನು ಅವನು ಮಾಡಲಿಲ್ಲ. ಡಬ್ಬಿಯ ಕೆಂಪು ಬೇರೆ, ಗಾಡಿಯ ಕೆಂಪು ಬೇರೆ, ಅದು ಅವನಿಗೂ ಕಂಡಿತು. ಆದರೆ ನೋಡಬೇಕಾದ್ದು ಕಣ್ಣಲ್ಲ, ಕೈ. ಕಣ್ಣು ಮುಚ್ಚಿಕೊಂಡು ತಾನೇ ಸವರಿ ನೋಡಿದ. ಸವರಿದ ಕಡೆ ಒಂದು ಸಾಸಿವೆಯಷ್ಟು ತಡೆ ಸಿಕ್ಕಿದರೂ ಉಪ್ಪುಕಾಗದ ಹಾಕಿ ಉಜ್ಜಿದ. ಹೊಸ ಕ್ಲಚ್ಚಿನ ಹಿಡಿಯನ್ನೂ ಬಿಡಲಿಲ್ಲ; ಜಹೀರುದ್ದೀನನ ತೋರುಬೆರಳು ಕೂರುವ ಜಾಗವನ್ನು ಅರದಿಂದ ತೀಡಿ ತೀಡಿ, ಇಪ್ಪತ್ತು ವರ್ಷ ಹಿಡಿದು ಸವೆದಂತೆ ಮಾಡಿದ. ಎಂಥಾ ಕೆಲಸ! ಅಷ್ಟು ಜಾಣತನವನ್ನು ಒಂದು ನಿಜ ಹೇಳುವುದಕ್ಕೆ ಖರ್ಚು ಮಾಡಿದ್ದರೆ ಅರ್ಧ ಗಳಿಗೆ ಸಾಕಿತ್ತು.

ಎಡಗಡೆ ಮುಗಿಯಿತು. ಟ್ಯಾಂಕು ತಿರುಗಿಸಿದ. ಬಲಗಡೆ, ಮೊಣಕಾಲು ತಾಗುವ ಕಡೆ, ಅಡಿಕೆ ಗಾತ್ರದ ಒಂದು ಹಳೆಯ ನೆಗ್ಗು ಕಂಡಿತು. ಕಬ್ಬಿಣ ಕಾದಿತ್ತು, ಕಡ್ಡಿ ಕೈಯಲ್ಲೇ ಇತ್ತು. ಓಲೆ ಜೋಡಿಯಲ್ಲಿ ಒಂದಕ್ಕೆ ಮೆರುಗು ಕೊಟ್ಟು ಇನ್ನೊಂದನ್ನು ಹಾಗೇ ಬಿಡುವ ಅಕ್ಕಸಾಲಿ ಉಂಟೇ? ಯೋಚನೆ ಮಾಡುವ ಮೊದಲೇ ಕೈ ಕೆಲಸ ಮುಗಿಸಿತು. ಎರಡೂ ಕೆನ್ನೆ ಒಂದೇ ಸಮ ಆದದ್ದನ್ನು ಕಂಡು, ಮೂರು ದಿನದಲ್ಲಿ ಮೊದಲ ಸಲ ಅವನಿಗೆ ಸಮಾಧಾನವಾಯಿತು.

ಶುಕ್ರವಾರ ಬೆಳಿಗ್ಗೆ ಗಾಡಿ ಗಂಜಾಮಿನ ಮನೆ ಮುಂದೆ ನಿಂತಿತು. ಬಾಗಿಲಿಗೆ ಬಂದ ಅಸ್ಗರಿ ಬೇಗಂ ಟ್ಯಾಂಕನ್ನು ನೋಡಿದಳು, ಕಾಳಪ್ಪನನ್ನು ನೋಡಿದಳು. ಕಾಳಪ್ಪ ಕೈ ಮುಗಿಯುವಂತೆ ಮಾಡಿದ. ಆಕೆ ಚಾ ಇಡಲು ಒಳಗೆ ಹೋದಳು.

ಜಹೀರುದ್ದೀನ ಲುಂಗಿ ತುಂಡು ಹಿಡಿದು ಇಳಿದು ಬಂದ. ದೀಪ ಒರೆಸಿದ. ಹ್ಯಾಂಡಲಿಗೆ ಬಂದ. ಬೆರಳು ಕ್ಲಚ್ಚಿನ ಹಿಡಿಯ ಮೇಲೆ ಕೂತಿತು, ಮುಂದೆ ಹೋಯಿತು. ಟ್ಯಾಂಕಿನ ಎಡಗೆನ್ನೆಯನ್ನು ಅಂಗೈ ಪೂರ್ತಿ ಸವರಿತು, ಅದೂ ದಾಟಿತು. ಕಾಳಪ್ಪ ಉಸಿರು ಬಿಟ್ಟ. ಜಹೀರುದ್ದೀನ ಗಾಡಿಯನ್ನು ಬಳಸಿಕೊಂಡು ಬಲಗಡೆಗೆ ಬಂದ. ಬಟ್ಟೆ ಒಮ್ಮೆ ಹೋಯಿತು. ವಾಪಸು ಬಂತು. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಬರೀ ಹೆಬ್ಬೆರಳಿನಿಂದ ಹುಡುಕಿದ. ಕೆಳಗೆ ಹುಡುಕಿದ, ಮೇಲೆ ಹುಡುಕಿದ.

"ಲೇ ಕಾಳ, ನನ್ ಗಾಡಿ ಎಲ್ಲಿ?"

"ಇದೇ ಅಲ್ವಾ ಜಹೀರಣ್ಣ, ನಿನ್ ಮುಂದೇನೇ..."

"ಇದು ನಂದಲ್ಲ. ಕಣ್ ಕಾಣಕಿಲ್ಲ ಅಂತ ಬ್ಯಾರೆ ಗಾಡಿ ತಂದ್ ನಿಲ್ಸಿದ್ದೀಯೇನ್ಲಾ?" ಜಹೀರುದ್ದೀನ ಟ್ಯಾಂಕಿನ ಮೇಲೆ ಅಂಗೈ ಬಡಿದ. "ನಂದನ್ನ ಏನ್ಮಾಡ್ದೆ? ಮಾರ್ಬುಟ್ಯಾ?"

"ತಾಯಾಣೆಗೂ ನಿಂದೇ ಕಣಣ್ಣ!"

"ಇಲ್ಲೊಂದ್ ನೆಗ್ಗಿತ್ತು. ಯಾರ್ ಮಾಡಿದ್ದು, ಗ್ಯಾನ ಅದಾ?"

ಆಗ ಕಾಳಪ್ಪನಿಗೆ ನೆನಪಾಯಿತು. ಅವನಿಗೆ ಇಪ್ಪತ್ತೈದು ವರ್ಷವಿದ್ದಾಗ, ತೊಣ್ಣೂರು ಕೆರೆಯ ಏರಿಯ ಮೇಲೆ, ಇದೇ ಗಾಡಿಯಲ್ಲಿ ಜಹೀರುದ್ದೀನ ಅವನಿಗೆ ಓಡಿಸುವುದನ್ನು ಕಲಿಸಿದ್ದ. ಆವತ್ತು ಗಾಡಿಯನ್ನು ಕಲ್ಲಿಗೆ ಬಿಟ್ಟು ನೆಗ್ಗಿಸಿದ್ದವನು ಇವನೇ.

"ಆವತ್ತು ಮಂಡಿ ಕಿತ್ತೋಗಿ ರಕ್ತ ಸೋರ್ತಿತ್ತು ನಿಂಗೆ" ಎಂದ ಜಹೀರುದ್ದೀನ. "ಅಂಗೇ ಓಡ್ಬಂದು, ನಾನೇ ಬೀಳಿಸ್ದೆ ಜಹೀರಣ್ಣ, ಒಡಿ ನಂಗೆ ಅಂದೆ. ಅದ್ಕೇ ಕಣ್ಲಾ ಆ ನೆಗ್ಗು ತಗ್ಸಿರ್ಲಿಲ್ಲ."

ಕಾಳಪ್ಪ ಜಗುಲಿಯ ಮೇಲೆ ಕೂತ. ಬಾಯಿಗೆ ಇನ್ನೊಂದು ಸುಳ್ಳು ಬರಲಿಲ್ಲ. ಸ್ಟಾಂಡು ಮಣ್ಣಿಗಿಳಿದದ್ದು, ಗಡಿಕಲ್ಲು, ಗೋಣಿಚೀಲ, ಕಡ್ಡಿ, ಅರ, ಕೊನೆಗೆ ಫೋನಿನ ಬುಸ್ ಸದ್ದಿನ ತನಕ ಎಲ್ಲ ಹೇಳಿಬಿಟ್ಟ. ಹೇಳಿ ಮುಗಿಸುವ ಹೊತ್ತಿಗೆ ಚಾ ತಣ್ಣಗಾಗಿತ್ತು.

"ಬಣ್ಣ ಎಂಗ್ ಕೂತದೆ?" ಎಂದ ಜಹೀರುದ್ದೀನ.

"ಕೆಂಪಗದೆ."

"ಎಂಥಾ ಕೆಂಪು?"

ಒಳಗಿನಿಂದ ಅಸ್ಗರಿ ಬೇಗಂ, "ಗಾಡಿ ಬೀಟ್ರೂಟು, ಪಕ್ಕ ಎರಡೂ ಟೊಮೇಟೊ" ಎಂದಳು.

ಜಹೀರುದ್ದೀನ ನಗಲಿಲ್ಲ. "ಬಿದ್ದಿದ್ಕೆ ನಂಗೆ ಬೇಜಾರಿಲ್ಲ, ಬುಡು. ಬೀಳ್ದೆ ಇರೋ ಗಾಡಿ ಎಲ್ಲದೆ. ಆದ್ರೆ ಮೂರೊರ್ಷದಿಂದ ನೀನ್ ನೋಡಿದ್ದನ್ನೇ ಅಲ್ವೇನ್ಲಾ ನಾನೂ ನೋಡಿರೋದು? ಅದ್ರಲ್ಲಿ ಎಷ್ಟಕ್ಕೆ ಬಣ್ಣ ಬಳ್ದಿದ್ದೀಯೋ, ನಂಗೇನ್ ಗೊತ್ತು?"

ಕಾಳಪ್ಪನ ಕೈ ಮೊದಲ ಸಲ ಸುಮ್ಮನೆ ತೊಡೆಯ ಮೇಲೆ ಬಿದ್ದಿತ್ತು.

ಜಹೀರುದ್ದೀನ ಲುಂಗಿ ಮೇಲೆತ್ತಿ ಕಟ್ಟಿ, ಸೀಟು ತಡವಿ, ಹಿಂದೆ ಕಾಲು ಹಾಕಿ ಕೂತ. ಯಾವತ್ತೂ ಯಾರ ಬೆನ್ನ ಹಿಂದೂ ಕೂರದಿದ್ದ ಮನುಷ್ಯ. "ನಡಿ. ಆ ಕಲ್ಲ ಮುಟ್ಬೇಕು. ಜುಮ್ಮಾಕೆ ಇನ್ನೂ ಒತ್ತದೆ."

ಬೆಳಗೊಳದ ನಾಲೆ ಏರಿಯ ಮೇಲೆ ಕಾಳಪ್ಪ ಅವನ ಕೈ ಹಿಡಿದು ಬಗ್ಗಿಸಿದ. ಜಹೀರುದ್ದೀನ ಗಡಿಕಲ್ಲನ್ನು ಸುತ್ತ ತಡವಿದ, ಮೂಲೆಗೆ ಅಂಟಿದ್ದ ಬಣ್ಣದ ಚಕ್ಕೆಯನ್ನು ಉಗುರಿನಿಂದ ಕೆರೆದು ಬೆರಳ ಸಂದಿಯಲ್ಲಿ ಉಜ್ಜಿ ನೋಡಿದ.

"ಊ. ಇದೊಂದ್ ದಿಟ" ಎಂದು ಎದ್ದ. "ಈಗ ಕಿರಂಗೂರ್ಗೆ ಬುಡು. ನನ್ ಉಣಸೇಮರ ಮುಟ್ಟಿ ಎಷ್ಟ್ ದಿನಾಯ್ತು."

ಕಾಳಪ್ಪ ಗಾಡಿ ಹತ್ತಿ ಅವನನ್ನು ಹಿಂದೆ ಕೂರಿಸಿಕೊಂಡ. ಕಿಕ್ಕರಿನ ಮೇಲೆ ಕಾಲಿಟ್ಟ. ಒದೆಯಲಾಗಲಿಲ್ಲ.

"ಜಹೀರಣ್ಣ, ಆ ಮರ ಇಲ್ಲ."

ಜಹೀರುದ್ದೀನ ಬೆರಳಿಗಂಟಿದ್ದ ಬಣ್ಣವನ್ನು ಲುಂಗಿಗೆ ಒರೆಸಿಕೊಂಡ.

"ಯಾವಾಗ ಕಡುದ್ರು?"

"ಎರಡೊರ್ಷ ಆಯ್ತು."

"ಓದ್ ತಿಂಗ್ಳು ಊವ ಬುಟ್ಟದೆ ಅಂದಿದ್ದೆ."

"ಅಂದಿದ್ದೆ."

ಹೆಗಲ ಮೇಲಿದ್ದ ಜಹೀರುದ್ದೀನನ ಕೈ ಬಿಗಿಯಾಯಿತು. ಈಗ ಇಳಿದು ಹೋಗುತ್ತಾನೆ, ಕೀಲಿ ಕಿತ್ತುಕೊಳ್ಳುತ್ತಾನೆ, ಇಲ್ಲ ಕೆನ್ನೆಗೆ ಎರಡು ಬಿಡುತ್ತಾನೆ ಎಂದು ಕಾಳಪ್ಪ ಕಾದ. ಬಿಟ್ಟಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬುಡನಾದ್ರೂ ಅದೇನ್ಲಾ?"

ಅದೆ ಕಣಣ್ಣ, ಗುಂಡ್ಕಲ್ಲಿದ್ದಂಗದೆ, ಎಂಬ ಮಾತು ಕಾಳಪ್ಪನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದ.

"ಗೊತ್ತಿಲ್ಲಣ್ಣ. ಕಡುದ್ ಮ್ಯಾಲೆ ನಾನು ಆ ಕಡೆ ನೋಡೇ ಇಲ್ಲ."

"ನಡಿ ಮತ್ತೆ" ಎಂದ ಜಹೀರುದ್ದೀನ. "ಇಬ್ರೂ ನೋಡ್ಮ."